ಮೇದೋಜೀರಕದ ನೋವಿಗೆ ಶಾಖ, ನಡಿಗೆ, ಕರೆಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಆಸ್ಪತ್ರೆಯ ಚೀಟಿಯಲ್ಲಿ 'ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್' ಎಂದು ಬರೆದಿರುತ್ತದಲ್ಲ, ಆ ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದರಲ್ಲಿ ಕಲ್ಲು, ಎಂಡೋಸ್ಕೋಪಿ, ಆಪರೇಷನ್ನಿನ ಮಾತೇ ಹೆಚ್ಚಾಗಿತ್ತು. ಬಂದ ಪತ್ರಗಳು ಕೇಳಿದ್ದು ಬೇರೆಯದನ್ನು: ಮನೆಗೆ ಬಂದ ಮೇಲೆ ಮೈಗೆ ಶಕ್ತಿ ಬರುವುದು ಹೇಗೆ, ಶಾಖ ಕೊಡಬಹುದೇ, ಯೋಗ ಮಾಡಬಹುದೇ, ಹೊಟ್ಟೆ ನೀವಿಸಬಹುದೇ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಊರಿನ ಹೆಸರಷ್ಟೇ ಇದೆ, ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ 41 ವರ್ಷ. ಮಂಡಿಯಲ್ಲಿ ಟೊಮೇಟೊ ಬಾಕ್ಸ್ ಲೋಡ್ ಮಾಡುವ ಕೆಲಸ. ಈ ಕಾಯಿಲೆ ಬಂದು ಒಂದೂವರೆ ವರ್ಷ, ಕುಡಿತ ಬಿಟ್ಟು ಎಂಟು ತಿಂಗಳು. 68 ಕೆ.ಜಿ. ಇದ್ದವರು 52ಕ್ಕೆ ಇಳಿದಿದ್ದಾರೆ. ಸುಸ್ತು ಎಂದು ಹಗಲೆಲ್ಲ ಮಲಗಿರುತ್ತಾರೆ. ಮೈದುನ 'ಜಿಮ್‌ಗೆ ಕಳಿಸಿ ಅತ್ತಿಗೆ' ಅಂತಾನೆ. ಅತ್ತೆ 'ಒಳಗೆ ಹುಣ್ಣಾಗಿದೆ, ಅಲ್ಲಾಡಿಸಬೇಡ' ಅಂತಾರೆ. ಯಾರ ಮಾತು ಕೇಳಲಿ?
- ಕೋಲಾರ

ಉತ್ತರ: ಇಬ್ಬರದ್ದೂ ಅರ್ಧರ್ಧ ನಿಜ. 16 ಕೆ.ಜಿ. ಇಳಿದಿದೆ ಎಂದರೆ ಬರೀ ಕೊಬ್ಬು ಹೋಗಿಲ್ಲ, ತೊಡೆ, ಸೊಂಟ, ಬೆನ್ನಿನ ಮಾಂಸಖಂಡವೂ ಹೋಗಿದೆ. ಮಲಗಿದಷ್ಟೂ ಅದು ಕರಗುತ್ತದೆ, ಕರಗಿದಷ್ಟೂ ಸುಸ್ತು ಏರುತ್ತದೆ. ಹಾಗೆಂದು ಈಗಲೇ ಜಿಮ್‌ಗೆ ಕಳಿಸಿದರೆ ಉಳಿದದ್ದನ್ನೂ ದೇಹ ಉರಿಸಿಬಿಡುತ್ತದೆ, ಏಕೆಂದರೆ ತಿಂದದ್ದು ಅವರ ಮೈಗೆ ಹತ್ತುತ್ತಿಲ್ಲ. ಮೊದಲು ಎಂಜೈಮ್ (ಸೊರಗಿದ ಗ್ರಂಥಿಯ ಜೀರ್ಣರಸದ ಬದಲಿಗೆ ನುಂಗುವ ಕ್ಯಾಪ್ಸೂಲ್), ಜೊತೆಗೆ ಊಟ, ಅದರ ಹಿಂದೆ ವ್ಯಾಯಾಮ. ಈ ಸಾಲು ತಪ್ಪಿದರೆ ಮುಂದಿನದೆಲ್ಲ ನೀರಿನಲ್ಲಿ ಹೋಮ.

ಹತ್ತುತ್ತಿದೆಯೋ ಇಲ್ಲವೋ ಎಂಬುದು ಕಕ್ಕಸಿನಲ್ಲೇ ಗೊತ್ತಾಗುತ್ತದೆ. ಮಲ ತಿಳಿ ಬಣ್ಣಕ್ಕಿದ್ದು, ನೀರಿನ ಮೇಲೆ ಎಣ್ಣೆ ಪಸೆ ಕಂಡು, ಒಂದೆರಡು ಚೊಂಬು ನೀರಿಗೆ ಹೋಗದೆ ಬೇಸಿನ್‌ಗೆ ಅಂಟಿಕೊಂಡರೆ ಎಂಜೈಮ್ ಸಾಲುತ್ತಿಲ್ಲ ಎಂದರ್ಥ. ಹೀಗೆ ಕಾಣದಿದ್ದರೂ ತೂಕ ಇಳಿಯುತ್ತಿದ್ದರೆ ಮಲದ ಎಲಾಸ್ಟೇಸ್ ಪರೀಕ್ಷೆ ಮಾಡಿಸಿ. 200ಕ್ಕಿಂತ ಕಡಿಮೆ ಬಂದರೆ ಕೊರತೆಯಿದೆ ಎಂದು ಲೆಕ್ಕ, 100ಕ್ಕಿಂತ ಕಡಿಮೆಯಾದರೆ ತೀವ್ರ ಕೊರತೆ. ದೊಡ್ಡವರಿಗೆ ಸಾಮಾನ್ಯವಾಗಿ ಪ್ರತಿ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್ (ಕೊಬ್ಬು ಜೀರ್ಣಿಸುವ ಎಂಜೈಮ್), ತಿಂಡಿಗೆ ಅಥವಾ ದೊಡ್ಡ ಲೋಟ ಹಾಲಿಗೆ ಅದರರ್ಧ ಬೇಕಾಗುತ್ತದೆ. ಅಂದರೆ 25,000ದ ಕ್ಯಾಪ್ಸೂಲ್ ಊಟಕ್ಕೆ ಎರಡು, ತಿಂಡಿಗೆ ಒಂದು. ಚೀಟಿಯಲ್ಲಿ ದಿನಕ್ಕೆ ಒಂದೇ ಎಂದಿದ್ದರೆ ವೈದ್ಯರ ಬಳಿ ಮತ್ತೊಮ್ಮೆ ಕೇಳಿ.

ಗ್ಯಾಸ್ ಮಾತ್ರೆಯ ರೂಢಿಯಿಂದಾಗಿ ಇದನ್ನೂ ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗುವವರು ತುಂಬಾ ಜನ. ಅನ್ನ ಕರುಳಿಗೆ ಇಳಿಯುವ ಹೊತ್ತಿಗೆ ಔಷಧಿ ಮುಂದೆ ಹೋಗಿರುತ್ತದೆ. ಮುದ್ದೆಯ ಮೊದಲ ತುತ್ತಿನ ಜೊತೆ ಒಂದು, ಅರ್ಧ ಮುದ್ದೆ ಮುಗಿದಾಗ ಇನ್ನೊಂದು, ಹೀಗೆ ತೆಗೆದುಕೊಳ್ಳಬೇಕು. ಕ್ಯಾಪ್ಸೂಲಿನ ಒಳಗಿನ ಕಾಳುಗಳನ್ನು ಅಗಿಯಬಾರದು, ಬಿಸಿ ಸಾರಿಗೆ ಉದುರಿಸಬಾರದು. ಶಾಖಕ್ಕೆ ಎಂಜೈಮ್ ಕೆಡುತ್ತದೆ. ಶೀಟಿನ ಮನೆಯ ಗೂಡಿನಲ್ಲಿಟ್ಟರೆ ಏಪ್ರಿಲ್ ಬಿಸಿಲಿಗೆ ಡಬ್ಬದೊಳಗೇ ಸತ್ತುಹೋಗುತ್ತದೆ. 25 ಡಿಗ್ರಿ ಮೀರದ ಜಾಗದಲ್ಲಿಡಿ.

ಊಟದಲ್ಲಿ ಪ್ರೋಟೀನ್, ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. ನಿಮ್ಮವರಿಗೆ 62ರಿಂದ 78 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8, 50 ಗ್ರಾಂ ತೊಗರಿಬೇಳೆಯಲ್ಲಿ 11, ಬೇಯಿಸಿದ ಕೋಳಿ 100 ಗ್ರಾಂನಲ್ಲಿ 25ರ ಆಸುಪಾಸು ಇರುತ್ತದೆ. ಬರೀ ಮುದ್ದೆ, ಉಪ್ಪುಸಾರಿನಲ್ಲಿ ಈ ಲೆಕ್ಕ ಮುಟ್ಟುವುದಿಲ್ಲ. ದೊಡ್ಡ ಮುದ್ದೆ, ತಟ್ಟೆ ತುಂಬ ಸೊಪ್ಪು ಇಟ್ಟರೆ ನಾರಿಗೇ ಹೊಟ್ಟೆ ತುಂಬುತ್ತದೆ, ಅತಿಯಾದ ನಾರು ಎಂಜೈಮಿನ ಕೆಲಸಕ್ಕೂ ಅಡ್ಡಿ. ಕಿತ್ತಳೆಯಷ್ಟು ಮುದ್ದೆ ಸಾಕು. ಬೇಳೆ, ಕಾಳು, ಮೊಟ್ಟೆ ಹೆಚ್ಚಿಸಿ, ದಿನಕ್ಕೆ ಐದಾರು ಸಲ ಬಡಿಸಿ. ಎಣ್ಣೆಯನ್ನು ಪೂರ್ತಿ ನಿಲ್ಲಿಸಬೇಕು ಎಂಬುದು ಹಳೆಯ ಮಾತು. ಎಂಜೈಮ್ ಸರಿಯಿದ್ದರೆ ಒಗ್ಗರಣೆಯ ಎಣ್ಣೆ ಶತ್ರುವಲ್ಲ. ಬೋಂಡಾ, ಬಜ್ಜಿ ಬೇರೆ ವಿಷಯ.

ಇನ್ನು ಮೈಯ ಅಳತೆ. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿ ಕೂರಿಸಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ, ನೀವು ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ. ಟೈಲರ್ ಟೇಪಿನಿಂದ ಮೀನಖಂಡದ ದಪ್ಪ ಜಾಗ ಅಳೆಯಿರಿ. ಗಂಡಸರಲ್ಲಿ 34 ಸೆಂ.ಮೀ., ಹೆಂಗಸರಲ್ಲಿ 33ಕ್ಕಿಂತ ಕಡಿಮೆಯಿದ್ದರೆ ಮಾಂಸಖಂಡ ಹೋಗಿರುವ ಸಾಧ್ಯತೆ ಹೆಚ್ಚು. ತಾರೀಖು ಹಾಕಿ ಕ್ಯಾಲೆಂಡರಿನಲ್ಲೇ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ನೋಡಿ.

ಮೊದಲ ಎರಡು ವಾರ ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಸಮತಟ್ಟು ಜಾಗದಲ್ಲಿ ನಡಿಗೆ. ಊಟವಾಗಿ ಒಂದೂವರೆ ಗಂಟೆ ಕಳೆದಿರಲಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ವಾರಕ್ಕೆ ಎರಡು ಮೂರು ನಿಮಿಷ ಏರಿಸುತ್ತಾ ಅರ್ಧ ಗಂಟೆಗೆ ತನ್ನಿ. ಮೂರನೆಯ ವಾರದಿಂದ ದಿನ ಬಿಟ್ಟು ದಿನ ಬಲದ ವ್ಯಾಯಾಮ: ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ಎದೆಯನ್ನು ಹತ್ತಿರ ತಂದು ದೂಡುವುದು, ಹಿಮ್ಮಡಿ ಎತ್ತುವುದು, ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎರಡೂ ಮೊಣಕೈ ಹಿಂದಕ್ಕೆ ಎಳೆಯುವುದು. ಒಂದೊಂದೂ ಎಂಟು ಸಲ, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಎಂಟು ಸಲ. ಕೊನೆಯ ಎರಡು ಕಷ್ಟ ಎನಿಸಿದರೆ ಅಳತೆ ಸರಿಯಾಗಿದೆ. ಹನ್ನೆರಡು ಸಲವೂ ಸಲೀಸಾದಾಗ ಕೈಗೊಂದು ಒಂದು ಲೀಟರ್ ನೀರಿನ ಬಾಟಲಿ ಕೊಡಿ. ಏಳುವಾಗ ಉಸಿರು ಬಿಡಬೇಕು. ಬಿಗಿಹಿಡಿದರೆ ಹೊಟ್ಟೆಯೊಳಗಿನ ಒತ್ತಡ ಏರಿ ನೋವು ಕೆರಳುತ್ತದೆ.

ವ್ಯಾಯಾಮದ ಮರುದಿನ ಬೆಳಗ್ಗೆಯೂ ನೋವು ಹತ್ತಕ್ಕೆ ಎರಡು ಅಂಕದಷ್ಟು ಹೆಚ್ಚೇ ಇದ್ದರೆ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಜ್ವರ, ನಿಲ್ಲದ ವಾಂತಿ, ಕಣ್ಣು ಹಳದಿ, ಕಪ್ಪು ಮಲ, ಎಂದಿನಂತಲ್ಲದ ನೋವು ಕಂಡರೆ ವ್ಯಾಯಾಮದ ಮಾತು ಬಿಟ್ಟು ಆಸ್ಪತ್ರೆಗೆ ಹೊರಡಿ.

ಒಂದು ಟೊಮೇಟೊ ಬಾಕ್ಸ್ ಎಂದರೆ 15 ಕೆ.ಜಿ. ಮೂರು ತಿಂಗಳ ಮುಂಚೆ ಆ ಯೋಚನೆ ಬೇಡ. ಆಮೇಲೂ 5 ಕೆ.ಜಿ.ಯಿಂದ, ಸೊಂಟದೆತ್ತರದ ಕಟ್ಟೆಯ ಮೇಲಿಂದ ಎತ್ತಿ ಅಭ್ಯಾಸವಾಗಲಿ. ನೆಲದಿಂದ ಎತ್ತುವ ಸರದಿ ಕೊನೆಗೆ. ಸ್ಕ್ಯಾನ್ ರಿಪೋರ್ಟಿನಲ್ಲಿ 'ಸಿಸ್ಟ್' (ನೀರುಗುಳ್ಳೆ) ಎಂದೋ, ಗುಲ್ಮದ ರಕ್ತನಾಳ ಕಟ್ಟಿಕೊಂಡಿದೆ ಎಂದೋ ಇದ್ದರೆ ವೈದ್ಯರು ಒಪ್ಪುವವರೆಗೆ ಭಾರ ಮುಟ್ಟಲೇಬಾರದು. ಬೀಡಿ ಇನ್ನೂ ಉಳಿದಿದ್ದರೆ ಅದೂ ಹೋಗಲಿ, ಗ್ರಂಥಿಯಲ್ಲಿ ಸುಣ್ಣ ಕಟ್ಟುವುದಕ್ಕೆ ಹೊಗೆಯೂ ಕಾರಣ. ಎಂಟು ತಿಂಗಳು ಕುಡಿಯದೆ ಇರುವುದು ಸಣ್ಣ ಸಾಧನೆಯಲ್ಲ. ಮನಸ್ಸು ಅಲ್ಲಾಡಿದ ದಿನ ಟೆಲಿ ಮನಸ್ 14416ಕ್ಕೆ ಕರೆ ಮಾಡಲಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನೋವು ಬಂದಾಗಲೆಲ್ಲ ನನ್ನ ತಂಗಿ ಹಾಟ್ ವಾಟರ್ ಬ್ಯಾಗ್ ಇಟ್ಟುಕೊಂಡೇ ಮಲಗುತ್ತಾಳೆ. ಈಗ ಹೊಟ್ಟೆಯ ಮೇಲೆ ಬಲೆ ಬಿಡಿಸಿದ ಹಾಗೆ ಕಂದು ಗೆರೆ ಎದ್ದಿವೆ. ಕಾಯಿಲೆ ಚರ್ಮಕ್ಕೂ ಬಂತಾ? ಅಜ್ಜಿ ಉಪ್ಪಿನ ಶಾಖ ಕೊಡಿ ಅಂತಾರೆ.
- ಶಿರಾ

ಉತ್ತರ: ಚರ್ಮಕ್ಕೆ ಕಾಯಿಲೆ ಬಂದಿಲ್ಲ, ಶಾಖ ಅತಿಯಾಗಿದೆ. ಬೊಬ್ಬೆ ಏಳುವಷ್ಟಿಲ್ಲದ ಬಿಸಿ ತಿಂಗಳುಗಟ್ಟಲೆ ಒಂದೇ ಕಡೆ ತಗುಲಿದರೆ ಚರ್ಮದಡಿಯ ರಕ್ತನಾಳಗಳ ಜಾಡಿನಲ್ಲೇ ಬಣ್ಣ ಕೂರುತ್ತದೆ. ಶಾಖ ನಿಲ್ಲಿಸಿದರೆ ನಿಧಾನಕ್ಕೆ ಮಾಸುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಅಪರೂಪಕ್ಕೆ ಅದೇ ಜಾಗ ಕೆಟ್ಟ ಹುಣ್ಣಾಗುವುದೂ ಉಂಟು. ಆ ಗೆರೆಗಳನ್ನು ವೈದ್ಯರಿಗೆ ತೋರಿಸಿ. ಬರೆದುಕೊಟ್ಟ ಮಾತ್ರೆ ನೋವಿಗೆ ಸಾಲುತ್ತಿಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಮೇದೋಜೀರಕ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಆತುಕೊಂಡು. ಹೊರಗಿನ ಬಿಸಿ ಅಲ್ಲಿಗೆ ತಲುಪುವುದಿಲ್ಲ. ನೋವಿಗೆ ಬಿಗಿದುಕೊಂಡ ಹೊಟ್ಟೆ, ಬೆನ್ನಿನ ಸ್ನಾಯು ಸಡಿಲವಾಗುವುದಷ್ಟೇ ಶಾಖದ ಲಾಭ. ಅದಕ್ಕೆ 15ರಿಂದ 20 ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ಕುದಿಯುವ ನೀರು ಸುರಿಯದೆ, ಬ್ಯಾಗಿನ ಮೂರರಲ್ಲಿ ಎರಡು ಭಾಗ ತುಂಬಿಸಿ, ಗಾಳಿ ಹೊರಗೆ ಒತ್ತಿ ಮುಚ್ಚಳ ಬಿಗಿ ಮಾಡಿ. ಎರಡು ಮಡಿಕೆ ಟವೆಲ್ ಸುತ್ತಿ. ಹೊಟ್ಟೆಗಿಂತ ಬೆನ್ನಿನ ನಡುಭಾಗಕ್ಕೆ ಇಟ್ಟರೆ ಹಲವರಿಗೆ ಹೆಚ್ಚು ಹಿತ. ಬ್ಯಾಗಿನ ಮೇಲೆ ಮಲಗಬಾರದು, ಇಟ್ಟುಕೊಂಡು ನಿದ್ದೆ ಹೋಗಬಾರದು. ಗೆರೆ ಎದ್ದ ಜಾಗಕ್ಕೆ ಸದ್ಯ ಬೇಡವೇ ಬೇಡ.

ಬಾಣಲೆಯಲ್ಲಿ ಹುರಿದ ಉಪ್ಪಿನ ಗಂಟು ಎಷ್ಟು ಬಿಸಿ ಎಂದು ಮುಟ್ಟಿದವರಿಗೆ ಮಾತ್ರ ಗೊತ್ತು, ಅದೂ ಹೊರಬಟ್ಟೆಯ ಬಿಸಿ. ಸಕ್ಕರೆ ಕಾಯಿಲೆಯೂ ಇದ್ದು ಸ್ಪರ್ಶ ಮಂದವಾಗಿದ್ದರೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಎಕ್ಕದ ಎಲೆ ಬಾಡಿಸಿ ಕಟ್ಟುವುದೂ ಬೇಡ, ಅದರ ಹಾಲು ಚರ್ಮ ಕೆರಳಿಸುತ್ತದೆ.

ಪ್ರಶ್ನೆ: ನೋವಿಗೆ 'ಟೆನ್ಸ್' ಎಂಬ ಕರೆಂಟ್ ಮಷೀನ್ ಆನ್‌ಲೈನಲ್ಲಿ ತರಿಸಿದೆ. ಹೊಟ್ಟೆ ಮೇಲೆ ಪ್ಯಾಡ್ ಅಂಟಿಸಿದರೆ ಚುರುಚುರು ಅನ್ನುತ್ತೆ, ನೋವೇನೂ ಕಡಿಮೆಯಾಗಿಲ್ಲ. ಮೋಸ ಹೋದೆನಾ?
- ಚಿಂತಾಮಣಿ

ಉತ್ತರ: ಪೂರ್ತಿ ಮೋಸವಲ್ಲ, ಆದರೆ ನಿರೀಕ್ಷೆ ತಗ್ಗಿಸಿಕೊಳ್ಳಿ. 1985ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಸಣ್ಣ ಅಧ್ಯಯನದಲ್ಲಿ ಈ ಕಾಯಿಲೆಯವರಿಗೆ ಟೆನ್ಸ್ ಕೊಟ್ಟು ನೋಡಿದಾಗ ಔಷಧಿಯ ಬದಲಿಗೆ ನಿಲ್ಲುವಂಥ ಫಲ ಸಿಗಲಿಲ್ಲ. ಬೆನ್ನಿನ ಸ್ನಾಯು ಹಿಡಿದುಕೊಂಡಿರುವವರಿಗೆ ಮಾತ್ರೆಯ ಜೊತೆಗೆ ಅಷ್ಟಿಷ್ಟು ನೆರವಾಗಬಹುದು.

ಚುರುಗುಟ್ಟುವುದಕ್ಕೆ ಕಾರಣ ಬಹುಶಃ ಮೈಯೆಣ್ಣೆ ಅಥವಾ ಒಣಗಿದ ಪ್ಯಾಡ್. ಎಣ್ಣೆಯಿದ್ದ ಕಡೆ ಕರೆಂಟು ಹರಿಯದೆ ಉಳಿದ ಅಂಚಿನಲ್ಲಿ ಒಟ್ಟಾಗಿ ಚುಚ್ಚುತ್ತದೆ. ಸೋಪು ನೀರಿನಿಂದ ಒರೆಸಿ, ಒಣಗಿಸಿ, ಆಮೇಲೆ ಅಂಟಿಸಿ. ಅಂಟು ಹೋದ ಪ್ಯಾಡ್ ಬಿಸಾಡಿ. ಜಾಗವೂ ಬದಲಾಗಬೇಕು. ಈ ಗ್ರಂಥಿಯ ನೋವಿನ ನರಗಳು ಬೆನ್ನುಹುರಿ ಸೇರುವುದು ಎದೆಯ ಹಿಂಭಾಗದ ಕೆಳ ಅರ್ಧದಲ್ಲಿ. ಕೈ ಇಳಿಬಿಟ್ಟು ನಿಂತಾಗ ರೆಕ್ಕೆಮೂಳೆಯ ಕೆಳತುದಿ ಎಲ್ಲಿ ಬರುತ್ತದೋ ಆ ಮಟ್ಟದಲ್ಲಿ, ಬೆನ್ನುಮೂಳೆಯಿಂದ ಎರಡು ಬೆರಳು ಬಿಟ್ಟು, ಆಚೆಗೊಂದು ಈಚೆಗೊಂದು ಪ್ಯಾಡ್. ಇನ್ನೆರಡು ಅದಕ್ಕಿಂತ ನಾಲ್ಕು ಬೆರಳು ಕೆಳಗೆ. ಮನೆಯವರ ಕೈಯಲ್ಲೇ ಅಂಟಿಸಿಕೊಳ್ಳಬೇಕು. 80ರಿಂದ 100 ಹರ್ಟ್ಸ್‌ಗೆ ಇಟ್ಟು, ಜುಮ್ ಎನ್ನುವವರೆಗೆ ಏರಿಸಿ. ಸ್ನಾಯು ಅದುರಿದರೆ ಹೆಚ್ಚಾಯಿತು. ಅರ್ಧ ಗಂಟೆ, ದಿನಕ್ಕೆ ಎರಡು ಮೂರು ಸಲ.

ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಬಳಸಬಾರದು. ಕತ್ತಿನ ಮುಂಭಾಗ, ಎದೆ, ಗಾಯ, ಮರಗಟ್ಟಿದ ಚರ್ಮದ ಮೇಲೆ ಪ್ಯಾಡ್ ಬೇಡ. ಎರಡು ವಾರ ಹೀಗೆ ಮಾಡಿ, ನುಂಗಿದ ನೋವಿನ ಮಾತ್ರೆ ಎಷ್ಟು, ರಾತ್ರಿ ಎಷ್ಟು ಸಲ ಎಚ್ಚರ ಎಂದು ಬರೆದಿಡಿ. ಎರಡೂ ಇಳಿಯದಿದ್ದರೆ ಮಷೀನನ್ನು ಮಂಡಿನೋವಿನ ಅಮ್ಮನಿಗೆ ಕೊಟ್ಟುಬಿಡಿ.

ಪ್ರಶ್ನೆ: ಮೇದೋಜೀರಕಕ್ಕೆ ಮಯೂರಾಸನ, ಕಪಾಲಭಾತಿ ರಾಮಬಾಣ ಎಂದು ವಿಡಿಯೋ ನೋಡಿ ಶುರು ಮಾಡಿದೆ. ನೋವು ಹೆಚ್ಚಾಯಿತು. ಯೋಗವೇ ಬಿಡಬೇಕೆ? ನಾನು ನಿವೃತ್ತ ಶಿಕ್ಷಕ.
- ತುಮಕೂರು

ಉತ್ತರ: ಬಿಡಬೇಡಿ ಮೇಷ್ಟ್ರೇ, ಆಸನ ಬದಲಿಸಿ. ಮಯೂರಾಸನದಲ್ಲಿ ಇಡೀ ದೇಹದ ಭಾರ ಎರಡು ಮೊಣಕೈಗಳ ಮೂಲಕ ಹೊಕ್ಕಳ ಹತ್ತಿರ ಒತ್ತುತ್ತದೆ. ಅದರ ಹಿಂದೆಯೇ ಊದಿದ ಗ್ರಂಥಿ, ಕೆಲವರಲ್ಲಿ ನೀರುಗುಳ್ಳೆ. ಈ ಕಾಯಿಲೆಗೆ ಇದಕ್ಕಿಂತ ಸಲ್ಲದ ಆಸನ ಹುಡುಕಿದರೂ ಸಿಗದು. ಧನುರಾಸನ, ನೌಕಾಸನ, ನೌಲಿ, ಭಸ್ತ್ರಿಕಾ, ಕಪಾಲಭಾತಿ, ಕುಂಭಕ (ಉಸಿರು ಬಿಗಿಹಿಡಿಯುವುದು) ಇವೂ ಬೇಡ. ಎಲ್ಲವೂ ಹೊಟ್ಟೆಯ ಒತ್ತಡವನ್ನು ಏರುಪೇರು ಮಾಡುವಂಥವೇ.

ಉಸಿರಿನಿಂದ ಶುರು ಮಾಡಿ. ಮಂಡಿ ಮಡಿಸಿ ಅಂಗಾತ ಮಲಗಿ, ಒಂದು ಕೈ ಎದೆಯ ಮೇಲೆ, ಒಂದು ಹೊಟ್ಟೆಯ ಮೇಲೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊಟ್ಟೆಯ ಕೈ ಏಳಬೇಕು, ಎದೆಯದ್ದು ಸುಮ್ಮನಿರಬೇಕು. ನೋವಿನವರು ವರ್ಷಗಳಿಂದ ಹೊಟ್ಟೆ ಬಿಗಿಹಿಡಿದು ಎದೆಯಲ್ಲೇ ಉಸಿರಾಡುತ್ತಿರುತ್ತಾರೆ, ಹಾಗಾಗಿ ಮೊದಲ ವಾರ ಕೈಗಳು ಅದಲುಬದಲಾಗಿ ಏಳುತ್ತವೆ. ಬೇಸರ ಬೇಡ. ದಿನಕ್ಕೆರಡು ಸಲ ಹತ್ತು ನಿಮಿಷ. ಆಮೇಲೆ ಮಾರ್ಜಾಲಾಸನ, ಮಕರಾಸನ, ಶವಾಸನ, ಕುಂಭಕವಿಲ್ಲದ ನಾಡಿಶೋಧನ ಸೇರಿಸಿ. ನೋವು ಬಂದಾಗ ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದಲ್ಲ, ಅದಕ್ಕೆ ಶಶಾಂಕಾಸನ ಒಳ್ಳೆಯದು, ಎದೆಯ ಕೆಳಗೆ ಎರಡು ದಿಂಬು ಇಟ್ಟುಕೊಂಡು. ಬರಿದೇ ಬೆನ್ನು ಬಿಲ್ಲಾಗಿಸಿ ಬಾಗುವ ಪಶ್ಚಿಮೋತ್ತಾನಾಸನ ಬೇಡ. ಈ ಕಾಯಿಲೆಯಲ್ಲಿ ಡಿ ಜೀವಸತ್ವ ಸರಿಯಾಗಿ ಹೀರಿಕೆಯಾಗದೆ ಹಲವರ ಮೂಳೆ ಟೊಳ್ಳಾಗಿರುತ್ತದೆ, ಬೆನ್ನಿನ ಬಿಲ್ಲೆ ಕುಸಿಯಬಹುದು. ದಿನವೆಲ್ಲ ಬಾಗಿಯೇ ಕೂತು ಅಭ್ಯಾಸವಾಗಿದ್ದರೆ ಗೂನು ಬೀಳುತ್ತದೆ. ಬಾಗಿದಷ್ಟು ಹೊತ್ತೂ ಆಮೇಲೆ ಗೋಡೆಗೆ ಬೆನ್ನು, ತಲೆ ತಾಗಿಸಿ ನೆಟ್ಟಗೆ ನಿಲ್ಲಿ.

ಪ್ರಶ್ನೆ: ಮೊದಲು ದಿನಾ ಸಿದ್ಧಗಂಗೆ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ. ಈಗ ಹತ್ತಬಹುದೇ?
- ಕ್ಯಾತಸಂದ್ರ

ಉತ್ತರ: ಸಮತಟ್ಟಿನಲ್ಲಿ ಅರ್ಧ ಗಂಟೆ ನಡೆದು ಎರಡು ವಾರ ತೊಂದರೆಯಿಲ್ಲದಿದ್ದರೆ, ಮೇಲೆ ಹೇಳಿದ ಕುರ್ಚಿ ಪರೀಕ್ಷೆ 12 ಸೆಕೆಂಡಿನೊಳಗೆ ಮುಗಿದರೆ, ಹತ್ತಿ. ಮೊದಲ ವಾರ ಕಾಲುಭಾಗ ಸಾಕು. ಸೋತ ತೊಡೆಗೆ ಇಳಿಯುವುದೇ ಹೆಚ್ಚು ಕಷ್ಟ, ಮರುದಿನ ಕಾಲು ನೋಯುವುದು ಅದಕ್ಕೇ. ಉಪವಾಸದ ದಿನ ಬೇಡ, ದಾಸೋಹದ ಊಟ ಮುಗಿಸಿದ ಕೂಡಲೇ ಬೇಡ.

ಪ್ರಶ್ನೆ: ನನಗೆ 27. ಮೇದೋಜೀರಕದಲ್ಲಿ ಕಲ್ಲು, ಅದರಿಂದ ಶುಗರ್, ಇನ್ಸುಲಿನ್ ತಗೋತೀನಿ. ಬೆಳಗ್ಗೆ ರೇಷ್ಮೆ ಮಾರ್ಕೆಟ್ಟಿಗೆ ಸೈಕಲ್‌ನಲ್ಲಿ ಹೋಗುವಾಗ ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದೆ. ವ್ಯಾಯಾಮ ಶುಗರ್‌ಗೆ ಒಳ್ಳೇದು ಅಂತಾರಲ್ಲ?
- ಶಿಡ್ಲಘಟ್ಟ

ಉತ್ತರ: ಒಳ್ಳೆಯದೇ. ಆದರೆ ನಿಮ್ಮದು ಎಲ್ಲರಿಗೂ ಬರುವ ಶುಗರ್ ಅಲ್ಲ. ಸಕ್ಕರೆ ಇಳಿಸುವ ಇನ್ಸುಲಿನ್ ಜೊತೆಗೆ, ಸಕ್ಕರೆ ತೀರಾ ಇಳಿದಾಗ ಮೇಲೆತ್ತುವ ಗ್ಲುಕಗಾನನ್ನೂ ಮಾಡುವುದು ಇದೇ ಗ್ರಂಥಿ. ಎರಡೂ ಕುಂದಿರುವುದರಿಂದ ನಿಮಗೆ ಸಕ್ಕರೆ ಬೇಗ ಕುಸಿಯುತ್ತದೆ, ತಾನಾಗಿ ಏಳುವುದಿಲ್ಲ.

ಸೈಕಲ್ ಹತ್ತುವ ಮುಂಚೆ ಗ್ಲುಕೋಮೀಟರಿನಲ್ಲಿ ನೋಡಿ. 100ಕ್ಕಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣೋ ಎರಡು ಇಡ್ಲಿಯೋ ತಿಂದು ಹೊರಡಿ. ಇಡ್ಲಿಯಾದರೆ ಎಂಜೈಮ್ ಮರೆಯಬೇಡಿ: ಇನ್ಸುಲಿನ್ ಹಾಕಿಕೊಂಡು, ಎಂಜೈಮ್ ಬಿಟ್ಟು ತಿಂದರೆ ತಿಂದದ್ದು ಪೂರ್ತಿ ರಕ್ತಕ್ಕೆ ಸೇರುವುದಿಲ್ಲ, ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡುತ್ತದೆ. ನೀವು ಬಿದ್ದದ್ದಕ್ಕೆ ಇದೂ ಕಾರಣವಿರಬಹುದು. ತೊಡೆಗೆ ಚುಚ್ಚಿಕೊಂಡು ಸೈಕಲ್ ತುಳಿದರೆ ಔಷಧಿ ಬೇಗ ಹೀರಿಕೆಯಾಗುತ್ತದೆ, ಆ ಹೊತ್ತಿನದನ್ನು ಹೊಟ್ಟೆಗೆ ಹಾಕಿಕೊಳ್ಳಿ. ಜೇಬಿನಲ್ಲಿ ಗ್ಲುಕೋಸ್ ಪುಡಿ ಇರಲಿ. ಬೆವರು, ನಡುಕ ಬಂದ ಕೂಡಲೇ ಇಳಿದು ಮೂರು ಚಮಚ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ. ಸಂಜೆ ಹೆಚ್ಚು ತುಳಿದ ದಿನ ರಾತ್ರಿ ನಿದ್ದೆಯಲ್ಲೂ ಕುಸಿಯಬಹುದು, ಮಲಗುವ ಮುಂಚೆ ನೋಡಿಕೊಳ್ಳಿ. 250ರ ಮೇಲಿದ್ದು ವಾಂತಿ, ಹೊಟ್ಟೆನೋವು ಜೊತೆಗಿದ್ದರೆ ಅವತ್ತು ವ್ಯಾಯಾಮವಿಲ್ಲ, ಆಸ್ಪತ್ರೆ. ಎರಡು ಸಲ ಬಿದ್ದದ್ದನ್ನು ಈ ವಾರವೇ ವೈದ್ಯರಿಗೆ ಹೇಳಿ. ಡೋಸ್ ತಗ್ಗಿಸಬೇಕಾಗಬಹುದು.

ಪ್ರಶ್ನೆ: ಅಮ್ಮನಿಗೆ 58, ಈ ಕಾಯಿಲೆ ಹತ್ತು ವರ್ಷದಿಂದ. ಬೆನ್ನು ಬಾಗಿದೆ, ಕತ್ತು ತಿರುಗಿಸಲು ಕಷ್ಟ. ಎಲ್ಲವೂ ಮೇದೋಜೀರಕದ ನೋವೇ ಎಂದು ಬಿಟ್ಟಿದ್ದೇವೆ.
- ಪಾವಗಡ

ಉತ್ತರ: ನಿಮ್ಮ ಊರಿನ ಹೆಸರು ಓದಿದ ಕೂಡಲೇ ಬೋರ್‌ವೆಲ್ ನೀರು ನೆನಪಾಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ನಿಮ್ಮ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ವರ್ಷಗಟ್ಟಲೆ ಕುಡಿದರೆ ಬೆನ್ನು, ಕತ್ತಿನ ಕಟ್ಟುಗಳು ಸುಣ್ಣಗಟ್ಟಿ ಬಿರುಸಾಗುತ್ತವೆ. ಗದ್ದವನ್ನು ಎದೆಗೆ ತಾಗಿಸಲು, ಎರಡೂ ಕೈ ತಲೆಯ ಹಿಂದೆ ಕಟ್ಟಲು ಆಗದಿದ್ದರೆ ಆ ಅನುಮಾನ ಬಲವಾಗುತ್ತದೆ. ಬೆನ್ನಿನ ಜೊತೆ ಮುಂಗೈಯ ಎಕ್ಸ್‌ರೇ ಕೂಡ ತೆಗೆಸಿ.

ಮೇದೋಜೀರಕದ ನೋವು ಊಟದ ನಂತರ ಏರುತ್ತದೆ, ಬಾಗಿದರೆ ಇಳಿಯುತ್ತದೆ, ಕತ್ತು ತಿರುಗಿಸಿದರೆ ಬದಲಾಗುವುದಿಲ್ಲ. ಬಿಂದಿಗೆ ಎತ್ತಿದ ಕ್ಷಣದಲ್ಲಿ ಹಠಾತ್ತನೆ ಬಂದು, ಒಂದೇ ಬಿಲ್ಲೆಯ ಮೇಲೆ ತಟ್ಟಿದರೆ ಜೀವ ಹೋಗುವ ನೋವಾದರೆ ಅದು ಮೂಳೆ ಕುಸಿತ. ಡಿ ಜೀವಸತ್ವದ ರಕ್ತಪರೀಕ್ಷೆ, ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ ಬೆನ್ನು ಲಟಕ್ ಎನಿಸುವವರ ಹತ್ತಿರ ಹೋಗಬೇಡಿ, ಎಳೆತ ಕೊಡಿಸಬೇಡಿ. ಅಂಗಾತ ಮಲಗಿ ರೆಕ್ಕೆಮೂಳೆಗಳನ್ನು ಹತ್ತಿರ ತಂದು ಐದು ಎಣಿಸಿ ಬಿಡುವುದು, ಹತ್ತು ಸಲ, ಸದ್ಯಕ್ಕೆ ಇಷ್ಟೇ ಸಾಕು. ನೀರು ಶುದ್ಧ ಕುಡಿಯುವ ನೀರಿನ ಘಟಕದ್ದಾಗಲಿ, ಅಡುಗೆಗೂ ಅದೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ.

ಪ್ರಶ್ನೆ: ಮಗ ರಷ್ಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಅಲ್ಲಿ ಈ ರೋಗಕ್ಕೆ ಖನಿಜ ನೀರು, ಮಣ್ಣಿನ ಪಟ್ಟಿ, ಮ್ಯಾಗ್ನೆಟ್ ಎಲ್ಲ ಕೊಡುತ್ತಾರಂತೆ. ನಮ್ಮಲ್ಲಿ ಯಾಕಿಲ್ಲ?
- ತಿಪಟೂರು

ಉತ್ತರ: ನಿಜ, ರಷ್ಯಾದ ಎಸೆಂಟುಕಿ, ಉಕ್ರೇನಿನ ಟ್ರುಸ್ಕಾವೆಟ್ಸ್‌ನಂಥ ಚಿಲುಮೆಯೂರುಗಳ ಸ್ಯಾನಿಟೋರಿಯಂಗಳಲ್ಲಿ ಇದು ಹಳೆಯ ಪದ್ಧತಿ. ನೋವು ಶಾಂತವಾಗಿರುವ ಅವಧಿಯಲ್ಲಿ ಉಗುರುಬೆಚ್ಚಗಿನ ಖನಿಜ ನೀರು, ಮಣ್ಣು, ಕಾಂತ ಚಿಕಿತ್ಸೆ, ಮಿತ ಊಟ, ನಡಿಗೆ ಕೊಡುತ್ತಾರೆ. ಇವುಗಳಲ್ಲಿ ಯಾವುದರಿಂದ ಎಷ್ಟು ಗುಣ ಎಂದು ಬಿಡಿಸಿ ತೋರಿಸುವ ಗಟ್ಟಿ ಅಧ್ಯಯನಗಳು ಕಡಿಮೆ. ಹೆಂಡವಿಲ್ಲದೆ, ಹೊತ್ತಿಗೆ ಸರಿಯಾಗಿ ಉಂಡು, ದಿನಾ ಎರಡು ಸಲ ನಡೆದರೆ ಯಾರಿಗಾದರೂ ಹಗುರೆನಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಆ ಭಾಗವನ್ನು ತಿಪಟೂರಿನಲ್ಲೇ ಮಾಡಬಹುದು. ಮ್ಯಾಗ್ನೆಟ್ ಬೆಲ್ಟಿಗೆ ದುಡ್ಡು ಹಾಕಬೇಡಿ.

ಪ್ರಶ್ನೆ: ಅಣ್ಣನಿಗೆ ಬೆಂಗಳೂರಿನಲ್ಲಿ ಮೇದೋಜೀರಕದ ಆಪರೇಷನ್ ಆಗಿ ಹತ್ತು ದಿನ. ಮೂರು ಗೋಲಿಯ ಪ್ಲಾಸ್ಟಿಕ್ ಡಬ್ಬ ಕೊಟ್ಟಿದ್ದಾರೆ. ಎಷ್ಟು ಊದಿದರೂ ಗೋಲಿ ಏಳುತ್ತಿಲ್ಲ.
- ಗೌರಿಬಿದನೂರು

ಉತ್ತರ: ಊದಬಾರದು, ಹೀರಬೇಕು. ಅನೇಕರು ಮನೆಗೆ ಹೋಗಿ ಇದೇ ತಪ್ಪು ಮಾಡುತ್ತಾರೆ. ನೆಟ್ಟಗೆ ಕೂತು, ಡಬ್ಬವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಉಸಿರು ಪೂರ್ತಿ ಹೊರಬಿಟ್ಟು, ಕೊಳವೆಯನ್ನು ತುಟಿಯಿಂದ ಬಿಗಿಹಿಡಿದು ನಿಧಾನಕ್ಕೆ ಒಳಗೆಳೆಯಲಿ. ಮೊದಲ ಗೋಲಿ ಎದ್ದು ಮೂರು ಸೆಕೆಂಡ್ ನಿಂತರೆ ಇವತ್ತಿಗೆ ಸಾಕು. ಮೂರೂ ಒಮ್ಮೆಲೇ ಹಾರಿ ಬಿದ್ದರೆ ಉಪಯೋಗವಿಲ್ಲ, ಉಸಿರು ನಿಧಾನವಾದಷ್ಟೂ ಶ್ವಾಸಕೋಶದ ತಳ ಬಿಚ್ಚುತ್ತದೆ. ಎಚ್ಚರವಿದ್ದಾಗ ಗಂಟೆಗೆ ಹತ್ತು ಉಸಿರು. ತಲೆ ಸುತ್ತಿದರೆ ನಡುವೆ ಬಿಡುವು ಕೊಡಲಿ. ಹೊಲಿಗೆ ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದಿದ್ದರೆ ಶ್ವಾಸಕೋಶದ ತಳದಲ್ಲಿ ಕಫ ಕಟ್ಟಿ ಜ್ವರ ಬರುತ್ತದೆ.

ಕೆಮ್ಮುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯಲಿ. ಹಾಸಿಗೆಯಿಂದ ನೇರವಾಗಿ ಏಳದೆ, ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ಏಳಲಿ. ಆರು ವಾರ 4-5 ಕೆ.ಜಿ. ಮೀರಿದ್ದು ಎತ್ತಬಾರದು. ಅಂದರೆ ಅರ್ಧ ತುಂಬಿದ ಬಿಂದಿಗೆಯೂ ಇಲ್ಲ, ಮಗುವನ್ನು ಎತ್ತಿಕೊಳ್ಳುವುದೂ ಇಲ್ಲ. ಮನೆಯೊಳಗೆ ಓಡಾಟ ಮಾತ್ರ ಗಂಟೆಗೊಮ್ಮೆ ಇರಲೇಬೇಕು.

ಪ್ರಶ್ನೆ: ಹೊಕ್ಕಳು ಜಾರಿದೆ ಎಂದು ನಮ್ಮೂರಿನ ಅಜ್ಜಿಯೊಬ್ಬರು ಎಣ್ಣೆ ಹಚ್ಚಿ ಹೊಟ್ಟೆ ನೀವುತ್ತಾರೆ. ನನಗೆ ಸ್ವಲ್ಪ ಹಿತವೂ ಆಗುತ್ತೆ. ಮುಂದುವರಿಸಲೇ?
- ಮಧುಗಿರಿ

ಉತ್ತರ: ಹಿತ ಎನಿಸಿದ್ದು ಸುಳ್ಳಲ್ಲ. ಈ ಕಾಯಿಲೆಯವರಲ್ಲಿ ಕೆಲವರಿಗೆ ಗ್ರಂಥಿಯ ನೋವಿನ ಜೊತೆಗೆ ಹೊಟ್ಟೆಯ ಗೋಡೆಯ ಸ್ನಾಯುವಿನಲ್ಲೇ ಗಂಟಿನಂಥ ನೋವು ಕೂತಿರುತ್ತದೆ. ಪರೀಕ್ಷಿಸುವುದು ಸುಲಭ: ಅಂಗಾತ ಮಲಗಿ ನೋಯುವ ಬಿಂದುವನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ತಲೆ, ಭುಜ ಸ್ವಲ್ಪ ಎತ್ತಿ. ಬಿಗಿದ ಸ್ನಾಯು ಒಳಗಿನ ಅಂಗಕ್ಕೆ ಕವಚವಾಗುವುದರಿಂದ ಒಳನೋವಾದರೆ ಕಡಿಮೆಯಾಗುತ್ತದೆ. ಹೆಚ್ಚಾದರೆ ನೋವು ಗೋಡೆಯದ್ದು, ಅದನ್ನು ವೈದ್ಯರಿಗೆ ತೋರಿಸಿ. ಅದಕ್ಕೆ ಬೆರಳತುದಿಯ ಮೃದು ಒತ್ತಡ, ಶಾಖ, ಬೇಕಾದರೆ ಆ ಬಿಂದುವಿಗೊಂದು ಇಂಜೆಕ್ಷನ್, ಹೀಗೆ ಬೇರೆಯೇ ದಾರಿಯಿದೆ.

ಆದರೆ ಅಂಗೈ ಊರಿ ಆಳಕ್ಕೆ ನೀವುವುದು ಬೇಡ. ಒಳಗೆ ನೀರುಗುಳ್ಳೆಯಿದ್ದರೆ ಒಡೆದು ರಕ್ತ ಸುರಿಯಬಹುದು, ಹೊರಗಿನಿಂದ ಅದು ಯಾರ ಕೈಗೂ ಸಿಗುವುದಿಲ್ಲ. ಈ ಆರು ತಿಂಗಳಲ್ಲಿ ಸ್ಕ್ಯಾನ್ ಆಗಿಲ್ಲದಿದ್ದರೆ ಮೊದಲು ಮಾಡಿಸಿ. ಅಜ್ಜಿಗೆ ಬೇಜಾರಾಗದಿರಲು ಬೆನ್ನು ನೀವಲು ಹೇಳಿ, ರೆಕ್ಕೆಮೂಳೆಯಿಂದ ಸೊಂಟದವರೆಗೆ, ಬೆನ್ನುಮೂಳೆಯ ಮೇಲಲ್ಲ, ಅದರ ಎರಡೂ ಪಕ್ಕಕ್ಕೆ.